ಅರಿವಳಿಕೆಯಲ್ಲಿ ಸಿಒಟು (ಕಾರ್ಬನ್ ಡೈಆಕ್ಸೈಡ್) ಏರಿದಾಗ ಪೊಟ್ಯಾಸಿಯಂ ಏನಾಗುತ್ತದೆ? ಕೊಡಗಿನಂಥ ಕಡೆಯ ಸಣ್ಣ ಒಟಿಗಳಿಗೆ ಸಮಗ್ರ ಮಾರ್ಗದರ್ಶಿ

ನನ್ನ ರೋಗಿಯೊಬ್ಬರು ಮರ ಕಪಾತಿಗೆ (ಕೊಂಬೆ ಸವರಲು) ಹತ್ತಿ ಸಿಲ್ವರ್ ಓಕ್‌ನಿಂದ ಬಿದ್ದವರು. ಬೆನ್ನುಮೂಳೆಗೆ ಪೆಟ್ಟಾಗಿ ಎರಡೂ ಕಾಲಲ್ಲಿ ಬಲ ಇರಲಿಲ್ಲ, ಮೂರು ವಾರದಿಂದ ತೋಟದ ಕೆಲಸಗಾರರ ಲೈನ್‌ಮನೆಯಲ್ಲಿ ಮಲಗಿದಲ್ಲೇ ಇದ್ದರು. ಒಂದು ರಾತ್ರಿ ಅಪೆಂಡಿಕ್ಸ್ ಒಡೆದು, ಕೊಡಗಿನ ಒಂದು ಸಣ್ಣ ಆಸ್ಪತ್ರೆಯ ಒಟಿಗೆ (ಆಪರೇಷನ್ ಥಿಯೇಟರ್) ಬಂದರು. ಹೊಟ್ಟೆ ತುಂಬಿದೆ, ಬೇಗ ಉಸಿರಿನ ಟ್ಯೂಬ್ ಹಾಕಬೇಕು ಅಂತ, ಅರಿವಳಿಕೆ ಕೊಡುತ್ತಿದ್ದ ನಾನು ಸ್ಕೋಲಿನ್ (ಮಾಂಸಖಂಡ ಸಡಿಲಿಸುವ ಸಕ್ಸಿನೈಲ್‌ಕೋಲಿನ್) ಕೊಟ್ಟೆ. ಐದು ನಿಮಿಷ ಆಗುವಷ್ಟರಲ್ಲಿ ಮಾನಿಟರ್‌ನಲ್ಲಿ ಇಸಿಜಿಯ ಟಿ ಅಲೆ ಗುಡಾರದ ಹಾಗೆ ಚೂಪಾಗಿ ಎದ್ದಿತು. ಎಬಿಜಿ (ಅಪಧಮನಿಯ ರಕ್ತದ ಗ್ಯಾಸ್ ಪರೀಕ್ಷೆ) ಕಳಿಸಿದೆ. ಸಿಒಟು 54 (ಇರಬೇಕಾದ್ದು 40ರ ಹತ್ತಿರ), ಪೊಟ್ಯಾಸಿಯಂ 6.8 (ಇರಬೇಕಾದ್ದು 5ರೊಳಗೆ).

"ಸಿಒಟು ಜಾಸ್ತಿ ಆಗಿದೆ, ಅದಕ್ಕೇ ಪೊಟ್ಯಾಸಿಯಂ ಏರಿದೆ" ಅಂತ ಹೇಳಿ ವೆಂಟಿಲೇಟರ್ ರೇಟ್ ತಿರುಗಿಸುತ್ತ ನಿಂತೆ. ಪಕ್ಕದಲ್ಲಿದ್ದ ಹಿರಿಯ ಸಿಸ್ಟರ್ ಮೆಲ್ಲಗೆ ಕೇಳಿದರು, "ಡಾಕ್ಟ್ರೇ, ಕ್ಯಾಲ್ಸಿಯಂ ಲೋಡ್ ಮಾಡ್ಲಾ?" ಆ ಮಾತಿನಿಂದ ಆ ಮನುಷ್ಯ ಉಳಿದರು. ನನ್ನ ಲೆಕ್ಕ ಪೂರ್ತಿ ತಪ್ಪಾಗಿತ್ತು. ಸಿಒಟು 54 ಆದರೆ ಪೊಟ್ಯಾಸಿಯಂ 6.8 ಆಗಲ್ಲ. ಯಾವತ್ತೂ ಆಗಲ್ಲ.

ಅವತ್ತಿನಿಂದ ಹೊಸದಾಗಿ ಬರುವ ಪ್ರತಿ ಹೌಸ್ ಸರ್ಜನ್‌ಗೂ ಒಟಿ ಟೆಕ್ನೀಷಿಯನ್‌ಗೂ ಇದನ್ನೇ ಹೇಳುತ್ತಾ ಬಂದಿದ್ದೇನೆ: ಸಿಒಟು ಪೊಟ್ಯಾಸಿಯಂ ಅನ್ನು ಏರಿಸುತ್ತದೆ ನಿಜ, ಆದರೆ ತುಂಬಾ ಸ್ವಲ್ಪ. ಜಾಸ್ತಿ ಏರಿದ್ದರೆ ಬೇರೆ ಯಾರೋ ಕಳ್ಳ ಇದ್ದಾನೆ, ಅವನನ್ನು ಹುಡುಕಿ. ಇದನ್ನು ಹಂತ ಹಂತವಾಗಿ ಬರೆದಿಡಿ ಅಂತ ತುಂಬಾ ಜನ ಕೇಳಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಔಷಧದ ಪ್ರಮಾಣಗಳು ದೊಡ್ಡವರಿಗೆ ಮಾತ್ರ. ನಿಮ್ಮ ಆಸ್ಪತ್ರೆಯ ಪ್ರೋಟೋಕಾಲ್ ಬೇರೆ ಇದ್ದರೆ ಅದನ್ನೇ ಪಾಲಿಸಿ.

ಹಂತ 1: ಮೊದಲು ಲೆಕ್ಕ ತಲೆಯಲ್ಲಿ ಕೂರಲಿ

ರಕ್ತದಲ್ಲಿ ಪೊಟ್ಯಾಸಿಯಂ ಇರಬೇಕಾದ್ದು ಲೀಟರಿಗೆ 3.5ರಿಂದ 5 ಮಿಲಿಮೋಲ್. ಮೈಯಲ್ಲಿರುವ ಒಟ್ಟು ಪೊಟ್ಯಾಸಿಯಂನಲ್ಲಿ, ರಕ್ತದ ದ್ರವವೂ ಸೇರಿ ಜೀವಕೋಶಗಳ ಹೊರಗಿರುವುದು ಬರೀ ನೂರಕ್ಕೆ ಎರಡು ಭಾಗ. ಉಳಿದ 98 ಭಾಗ ಜೀವಕೋಶಗಳ ಒಳಗಿದೆ. ಅಲ್ಲಿ ಲೀಟರಿಗೆ ಸುಮಾರು 140 ಮಿಲಿಮೋಲ್. ಹಾಗಾಗಿ ಒಳಗಿನದು ಚೂರೇ ಚೂರು ಹೊರಗೆ ಸೋರಿದರೂ ರಕ್ತದ ಅಂಕಿ ಏರುಪೇರಾಗುತ್ತದೆ, ಹೃದಯಕ್ಕೆ ಅದು ತಕ್ಷಣ ಗೊತ್ತಾಗುತ್ತದೆ.

ರಕ್ತ ಆಮ್ಲವಾದರೆ ಪೊಟ್ಯಾಸಿಯಂ ಕೋಶದಿಂದ ಹೊರಗೆ ಬರುತ್ತದೆ ಅಂತ ನಾವೆಲ್ಲ ಓದಿದ್ದೇವೆ. ಪಿಎಚ್ (ಆಮ್ಲದ ಅಳತೆ, ಇಳಿದಷ್ಟೂ ಆಮ್ಲ ಜಾಸ್ತಿ) 0.1 ಇಳಿದರೆ ಪೊಟ್ಯಾಸಿಯಂ 0.6 ಏರುತ್ತದೆ ಅನ್ನುವ ಸೂತ್ರ ಎಲ್ಲರಿಗೂ ಬಾಯಿಪಾಠ. ತೊಂದರೆ ಇರುವುದೇ ಅಲ್ಲಿ. ಆ ಸೂತ್ರ ಹುಟ್ಟಿದ್ದು ಹೈಡ್ರೋಕ್ಲೋರಿಕ್ ಆಮ್ಲದಂಥ ಖನಿಜ ಆಮ್ಲ ಸೇರಿದಾಗ ಆಗುವ ಬದಲಾವಣೆ ನೋಡಿ. ಸಿಒಟು ಸಂಗತಿ ಬೇರೆ. ಉಸಿರಾಟದ ಕಾರಣಕ್ಕೆ ಪಿಎಚ್ 0.1 ಇಳಿದರೆ ಪೊಟ್ಯಾಸಿಯಂ ಏರುವುದು ಸುಮಾರು 0.1ರಿಂದ 0.2 ಅಷ್ಟೇ.

ಯಾಕೆ ಹೀಗೆ? ಮಡಿಕೇರಿಯಲ್ಲಿ ಜುಲೈ ತಿಂಗಳಲ್ಲಿ ಇದ್ದವರಿಗೆ ಹೇಳುವುದು ಸುಲಭ. ಬಾಗಿಲು ಹಾಕಿದರೂ ಮಂಜು ಹೆಂಚಿನ ಸಂದಿಯಿಂದ ಮನೆಯೊಳಗೆ ಬಂದುಬಿಡುತ್ತದೆ, ಅಲ್ವಾ? ಹೊರಗೂ ತೇವ, ಒಳಗೂ ತೇವ. ಸಿಒಟು ಕೂಡ ಹಾಗೇ. ಅದು ಅನಿಲ, ಕೋಶದ ಪೊರೆ ಅದಕ್ಕೆ ಅಡ್ಡ ಬರುವುದೇ ಇಲ್ಲ. ಒಳಗೂ ಹೊರಗೂ ಒಟ್ಟಿಗೇ ಆಮ್ಲ ಹೆಚ್ಚುತ್ತದೆ, ನಡುವೆ ದೊಡ್ಡ ವ್ಯತ್ಯಾಸ ಹುಟ್ಟುವುದಿಲ್ಲ. ಖನಿಜ ಆಮ್ಲದಲ್ಲಿ ಹೊರಗಿನ ಬೈಕಾರ್ಬೊನೇಟ್ (ಆಮ್ಲವನ್ನು ತಗ್ಗಿಸುವ ಕ್ಷಾರ) ಕುಸಿಯುತ್ತದೆ, ಕೋಶದೊಳಗೆ ಸೋಡಿಯಂ ಹೋಗುವುದು ಕಡಿಮೆಯಾಗುತ್ತದೆ, ಸೋಡಿಯಂ ಇಲ್ಲದೆ ಸೋಡಿಯಂ ಪೊಟ್ಯಾಸಿಯಂ ಪಂಪ್ (ಸೋಡಿಯಂ ಹೊರಹಾಕಿ ಪೊಟ್ಯಾಸಿಯಂ ಒಳಗೆ ಎಳೆಯುವ ಪೊರೆಯ ಪಂಪ್) ನಿಧಾನವಾಗುತ್ತದೆ, ಪೊಟ್ಯಾಸಿಯಂ ಹೊರಗೇ ಉಳಿಯುತ್ತದೆ. ಸಿಒಟು ಏರಿದಾಗ ಬೈಕಾರ್ಬೊನೇಟ್ ಇಳಿಯುವುದಿಲ್ಲ, ಸ್ವಲ್ಪ ಏರುತ್ತದೆ. ಪಂಪ್ ನಡೆಯುತ್ತಲೇ ಇರುತ್ತದೆ. ಜತೆಗೆ ಸಿಒಟು ಏರಿದರೆ ಅಡ್ರಿನಲಿನ್ ಕೂಡ ಏರುತ್ತದೆ. ಅದು ಮೊದಲ ಒಂದೆರಡು ನಿಮಿಷ ಲಿವರ್‌ನಿಂದ ಪೊಟ್ಯಾಸಿಯಂ ಬಿಡಿಸಿದರೂ ಆಮೇಲೆ ಅದನ್ನು ಕೋಶದೊಳಗೆ ತಳ್ಳುತ್ತದೆ.

ಇದನ್ನು ಅಂಕಿಯಲ್ಲಿ ಇಟ್ಟುಕೊಳ್ಳಿ. ರಕ್ತದ ಸಿಒಟು ಒತ್ತಡ ದಿಢೀರ್ ಅಂತ 10 ಮಿ.ಮೀ. (ಪಾದರಸದ ಲೆಕ್ಕದಲ್ಲಿ) ಏರಿದರೆ ಪಿಎಚ್ ಸುಮಾರು 0.08 ಇಳಿಯುತ್ತದೆ. 40 ಇದ್ದದ್ದು 60 ಆದರೆ ಪಿಎಚ್ 7.24 ಹತ್ತಿರ, ಪೊಟ್ಯಾಸಿಯಂ ಏರಿಕೆ ಕಾಲು ಮಿಲಿಮೋಲ್ ಆಸುಪಾಸು. 4.2 ಇದ್ದದ್ದು 4.5 ಆಗಬಹುದು. ಗಂಟೆಗಟ್ಟಲೆ ಹಾಗೇ ಬಿಟ್ಟರೆ ಇನ್ನಷ್ಟು. ಮೂತ್ರಪಿಂಡ ಚೆನ್ನಾಗಿರುವ ಮನುಷ್ಯನಿಗೆ ಇದು ಲೆಕ್ಕಕ್ಕೇ ಇಲ್ಲ.

ಹಂತ 2: ಯಾರಿಗೆ ಆ ಕಾಲು ಮಿಲಿಮೋಲ್ ಕೂಡ ಭಾರ ಅಂತ ಒಟಿಗೆ ಮುಂಚೆಯೇ ಗುರುತಿಸಿ

ಪೊಟ್ಯಾಸಿಯಂ 5.6 ಇಟ್ಟುಕೊಂಡೇ ಆಪರೇಷನ್ ಟೇಬಲ್ ಹತ್ತುವವರಿಗೆ ಮೇಲೆ ಜಾಗವೇ ಇರುವುದಿಲ್ಲ. ಅಂಥವರನ್ನು ವಾರ್ಡಿನಲ್ಲೇ ಹಿಡಿಯಬೇಕು.

ಡಯಾಲಿಸಿಸ್ ಮಾಡಿಸಿಕೊಳ್ಳುವವರು ಮೊದಲು. ಕೊನೆಯ ಡಯಾಲಿಸಿಸ್ ಯಾವಾಗ ಆಯಿತು, ಆಮೇಲೆ ಏನೇನು ತಿಂದರು ಅಂತ ಕೂತು ಕೇಳಿ. ನೋಡಲು ಬಂದ ನೆಂಟರು ಪ್ರೀತಿಯಿಂದ ಎಳನೀರು ಕುಡಿಸಿರುತ್ತಾರೆ, ಮನೆಯ ಕಿತ್ತಳೆ ಸುಲಿದು ಕೊಟ್ಟಿರುತ್ತಾರೆ. ಒಂದು ಎಳನೀರಿನಲ್ಲಿ ಗಾತ್ರದ ಮೇಲೆ 15ರಿಂದ 20 ಮಿಲಿಮೋಲ್ ಪೊಟ್ಯಾಸಿಯಂ ಇರುತ್ತದೆ. "ಪೊಟ್ಯಾಸಿಯಂ ಇರೋದು ಏನಾದ್ರೂ ತಿಂದ್ರಾ?" ಅಂತ ಕೇಳಿದರೆ ಇಲ್ಲ ಅಂತಲೇ ಉತ್ತರ ಬರುತ್ತದೆ. "ಎಳನೀರು ಕುಡಿದ್ರಾ ಅಜ್ಜ?" ಅಂತ ಕೇಳಿ.

ಮಾತ್ರೆಗಳ ಚೀಟಿ ನೋಡಿ. ಟೆಲ್ಮಿಸಾರ್ಟಾನ್, ಎನಾಲಪ್ರಿಲ್, ಸ್ಪೈರೊನೊಲ್ಯಾಕ್ಟೋನ್, ಬೀಟಾ ಬ್ಲಾಕರ್, ಮಂಡಿನೋವಿಗೆ ಸುಮ್ನೆ ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆ. ಇವೆಲ್ಲ ಪೊಟ್ಯಾಸಿಯಂ ಅನ್ನು ಏರಿಸುತ್ತವೆ, ಎರಡು ಮೂರು ಸೇರಿದರೆ ಇನ್ನೂ ಜಾಸ್ತಿ.

ನಮ್ಮ ಕಡೆ ವಿಶೇಷವಾಗಿ ನೋಡಬೇಕಾದವರು ಇನ್ನೂ ಇದ್ದಾರೆ. ಕೊಳಕುಮಂಡಲ ಹಾವು ಕಚ್ಚಿ ಮೂತ್ರ ಕಡಿಮೆಯಾದವರು. ಮಳೆಗಾಲದಲ್ಲಿ ಇಲಿ ಜ್ವರ ಬಂದು ಮೂತ್ರಪಿಂಡ ಸೊರಗಿದವರು. ಮರ ಬಿದ್ದು, ಆನೆ ತುಳಿದು ಅಥವಾ ಮಣ್ಣು ಕುಸಿದು ಮಾಂಸಖಂಡ ಜಜ್ಜಿಹೋದವರು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದದ್ದನ್ನು ಕಂಡ ನಮಗೆ ಇದು ಪುಸ್ತಕದ ಮಾತಲ್ಲ.

ಆಮೇಲೆ ಸ್ಕೋಲಿನ್ ಕೊಡಲೇಬಾರದವರು. ಸಾಮಾನ್ಯ ಮನುಷ್ಯನಲ್ಲಿ ಸ್ಕೋಲಿನ್ ಪೊಟ್ಯಾಸಿಯಂ ಅನ್ನು 0.5ರಿಂದ 1 ಮಿಲಿಮೋಲ್ ಏರಿಸುತ್ತದೆ. ಸುಟ್ಟ ಗಾಯ ಆಗಿ ಒಂದೆರಡು ದಿನ ದಾಟಿದವರು, ಲಕ್ವ ಹೊಡೆದವರು, ಬೆನ್ನುಹುರಿಗೆ ಪೆಟ್ಟಾದವರು, ತುಂಬಾ ದಿನ ಹಾಸಿಗೆ ಹಿಡಿದವರು, ಮಾಂಸಖಂಡದ ಕಾಯಿಲೆ ಇರುವ ಗಂಡುಮಕ್ಕಳು, ಇವರಲ್ಲಿ ಅದು ಹೃದಯ ನಿಲ್ಲಿಸುವಷ್ಟು ಏರಬಹುದು. ಇಂಥವರಿಗೆ ಬೇಗ ಟ್ಯೂಬ್ ಹಾಕಲೇಬೇಕಾದರೆ ಪೊಟ್ಯಾಸಿಯಂ ಏರಿಸದ ಇನ್ನೊಂದು ಸಡಿಲಿಸುವ ಮದ್ದು ರೋಕುರೋನಿಯಂ, ಕಿಲೋಗೆ 1.2 ಮಿ.ಗ್ರಾಂ. ಸಾಕು. ಮೊದಲು ಹೇಳಿದ ರೋಗಿಗೆ ನಾನು ಕೊಡಬೇಕಿದ್ದದ್ದೂ ಅದನ್ನೇ.

ಹಂತ 3: ಮಿಷಿನ್ ಮುಂದೆ ಎರಡು ನಿಮಿಷ ನಿಲ್ಲಿ

ರೋಗಿ ಬಿಟ್ಟ ಗಾಳಿಯ ಸಿಒಟು ಹೀರುವ ಸೋಡಾ ಲೈಮ್ ಡಬ್ಬಿ ನೋಡಿ. ಬಿಳಿಯದು ನೇರಳೆ ಆದರೆ ಮುಗಿದಿದೆ ಅಂತ ಎಲ್ಲರಿಗೂ ಗೊತ್ತು. ಎಲ್ಲರಿಗೂ ಗೊತ್ತಿಲ್ಲದ್ದು ಇದು: ಶನಿವಾರ ಸಂಜೆ ನೇರಳೆಯಾಗಿದ್ದ ಹರಳು ಸೋಮವಾರ ಬೆಳಗ್ಗೆ ಮತ್ತೆ ಬಿಳಿಯಾಗಿ ಕಾಣಬಹುದು. ಬಣ್ಣ ವಾಪಸ್ ಬಂದಿರುತ್ತದೆ, ಶಕ್ತಿ ಬಂದಿರುವುದಿಲ್ಲ. ಮೊದಲ ಕೇಸ್ ಶುರುವಾಗಿ ಸ್ವಲ್ಪ ಹೊತ್ತಿಗೇ ಮತ್ತೆ ನೇರಳೆ. ಅದಕ್ಕೇ ಡಬ್ಬಿಯ ಮೇಲೆ ತುಂಬಿದ ತಾರೀಖು ಬರೆದ ಪ್ಲಾಸ್ಟರ್ ಅಂಟಿಸಿ. ನೇರಳೆ ಕಂಡ ದಿನವೇ ಬದಲಿಸಿ.

ಬೇನ್ ಸರ್ಕ್ಯೂಟ್ (ಪೈಪಿನೊಳಗೆ ಪೈಪ್ ಇರುವ ಉಸಿರಾಟದ ಸರ್ಕ್ಯೂಟ್) ಇನ್ನೂ ಬಳಸುವ ಕಡೆ ಒಳಗಿನ ಸಣ್ಣ ಪೈಪ್ ಕಳಚಿದೆಯಾ ನೋಡಲೇಬೇಕು. ರೋಗಿಯ ಕಡೆಯ ಬಾಯಿಯನ್ನು ಅಂಗೈಯಿಂದ ಮುಚ್ಚಿ, ಆಕ್ಸಿಜನ್ ಫ್ಲಶ್ ಒತ್ತಿ ಬ್ಯಾಗ್ ತುಂಬಿಸಿ. ಈಗ ಕೈ ತೆಗೆದು ಫ್ಲಶ್ ಒತ್ತುತ್ತಲೇ ಇರಿ. ಬ್ಯಾಗ್ ಚಪ್ಪಟೆಯಾದರೆ ಪೈಪ್ ಸರಿ ಇದೆ. ತುಂಬಿಕೊಂಡೇ ಇದ್ದರೆ ಆ ಸರ್ಕ್ಯೂಟ್ ಪಕ್ಕಕ್ಕಿಡಿ. ಪೈಪ್ ಕಳಚಿದರೆ ಸರ್ಕ್ಯೂಟಿನ ಇಡೀ ಉದ್ದ ರೋಗಿ ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುವ ಜಾಗ ಆಗಿಬಿಡುತ್ತದೆ. ಗ್ಯಾಸ್ ಹರಿವು ವೆಂಟಿಲೇಟ್ ಮಾಡುವಾಗ ಕಿಲೋಗೆ ನಿಮಿಷಕ್ಕೆ 70 ಮಿ.ಲೀ., ರೋಗಿ ತಾನೇ ಉಸಿರಾಡುವಾಗ 150ರಿಂದ 200.

ಇನ್ನೊಂದು ನಮ್ಮ ಊರಿನ ಮಾತು. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರ, ಗಾಳಿಯ ಒತ್ತಡ ಸುಮಾರು 660 ಮಿ.ಮೀ. ಉಸಿರಿನ ಸಿಒಟು ತೋರಿಸುವ ಕ್ಯಾಪ್ನೋಗ್ರಾಫ್ ಶೇಕಡಾದಲ್ಲಿ ತೋರಿಸುತ್ತಿದ್ದರೆ ಎಚ್ಚರ. 5 ಶೇಕಡಾ ಅಂದರೆ ಮಂಗಳೂರಿನಲ್ಲಿ 38 ಮಿ.ಮೀ., ಮಡಿಕೇರಿಯಲ್ಲಿ 33. ಸೆಟ್ಟಿಂಗ್‌ಗೆ ಹೋಗಿ ಮಿ.ಮೀ.ಗೆ ಬದಲಿಸಿಕೊಂಡುಬಿಡಿ, ತಲೆನೋವೇ ಇರಲ್ಲ.

ಹಂತ 4: ಸಿಒಟು ಏರಿತು. ಎಲ್ಲಿಂದ?

ಮೊದಲು ಕ್ಯಾಪ್ನೋಗ್ರಾಫ್ ಗೆರೆಯ ತಳ ನೋಡಿ, ಆಮೇಲೆ ತುದಿ. ಉಸಿರು ಒಳಗೆ ಹೋಗುವಾಗ ಗೆರೆ ಸೊನ್ನೆ ಮುಟ್ಟಬೇಕು. ಮುಟ್ಟದೆ ತೇಲುತ್ತಿದ್ದರೆ ರೋಗಿ ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತಿದ್ದಾರೆ. ಸೋಡಾ ಲೈಮ್, ವಾಲ್ವ್, ಗ್ಯಾಸ್ ಹರಿವು, ಈ ಮೂರನ್ನು ನೋಡಿ.

ತಳ ಸೊನ್ನೆಯಲ್ಲೇ ಇದ್ದು ತುದಿ ಮಾತ್ರ ಏರುತ್ತಿದ್ದರೆ ಎರಡೇ ದಾರಿ. ಸಾಕಷ್ಟು ಹೊರಗೆ ಹೋಗುತ್ತಿಲ್ಲ, ಇಲ್ಲವೇ ಜಾಸ್ತಿ ಹುಟ್ಟುತ್ತಿದೆ ಅಥವಾ ಹೊರಗಿಂದ ಸೇರುತ್ತಿದೆ. ಲ್ಯಾಪರೋಸ್ಕೋಪಿಯಲ್ಲಿ ಹೊಟ್ಟೆಗೆ ನಾವೇ ಸಿಒಟು ಗ್ಯಾಸ್ ತುಂಬುತ್ತೇವೆ, 15ರಿಂದ 30 ನಿಮಿಷದಲ್ಲಿ ಸಿಒಟು ಏರಿ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ನಿಲ್ಲದೆ ಏರುತ್ತಲೇ ಇದ್ದರೆ ಡ್ರೇಪ್ ಸರಿಸಿ ಕುತ್ತಿಗೆ, ಎದೆಯ ಚರ್ಮ ಬೆರಳಿನಿಂದ ಒತ್ತಿ. ಚರಚರ ಅಂದರೆ ಗ್ಯಾಸ್ ಚರ್ಮದ ಕೆಳಗೆ ಹರಡಿದೆ.

ವೆಂಟಿಲೇಶನ್ ಏರಿಸುವಾಗ ಒಂದೊಂದು ಉಸಿರಿನ ಗಾತ್ರವನ್ನು ಸಿಕ್ಕಾಪಟ್ಟೆ ಏರಿಸಬೇಡಿ, ರೇಟ್ 12 ಇದ್ದರೆ 15, 16 ಮಾಡಿ. ಹೊಟ್ಟೆಯ ಒತ್ತಡ 15 ಇದ್ದರೆ 12ಕ್ಕೋ 10ಕ್ಕೋ ಇಳಿಸಲು ಸರ್ಜನ್‌ಗೆ ಹೇಳಿ. ಸಂಕೋಚ ಬೇಡ. ಇನ್ನೂ ಏರುತ್ತಿದ್ದರೆ ಗ್ಯಾಸ್ ಬಿಟ್ಟು ಹತ್ತು ನಿಮಿಷ ಕಾಯೋಣ ಅನ್ನಿ.

ಒಲೆಯ ಹೊಗೆಯಲ್ಲೇ ಆಯಸ್ಸು ಸವೆಸಿದ ಅಜ್ಜಿಯರ ವಿಷಯ ಬೇರೆ. ಅವರ ಸಿಒಟು ಮನೆಯಲ್ಲೇ 50, 55 ಇರಬಹುದು, ದೇಹ ಅದಕ್ಕೆ ಹೊಂದಿಕೊಂಡಿರುತ್ತದೆ. ಅದನ್ನು ಹಟ ಹಿಡಿದು 35ಕ್ಕೆ ಇಳಿಸಿದರೆ ರಕ್ತ ಕ್ಷಾರವಾಗಿ ಪೊಟ್ಯಾಸಿಯಂ ಕೋಶದೊಳಗೆ ಓಡುತ್ತದೆ. ಮೊದಲೇ ಪೊಟ್ಯಾಸಿಯಂ ಇಳಿಸುವ ಸಾಲ್ಬುಟಮಾಲ್, ಫ್ರುಸೆಮೈಡ್ ತಗೊಳ್ಳುತ್ತಿದ್ದರೆ 3ಕ್ಕಿಂತ ಕೆಳಗೆ ಬಂದು ಹೃದಯದ ಬಡಿತ ತಪ್ಪಬಹುದು. ಅವರ ಎಂದಿನ ಮಟ್ಟಕ್ಕೆ ತಂದರೆ ಸಾಕು.

ಹಂತ 5: ಸ್ಯಾಂಪಲ್ ಸರಿಯಾಗಿ ತೆಗೆಯಿರಿ

ಕ್ಯಾಪ್ನೋಗ್ರಾಫ್ ಅಂಕಿ ರಕ್ತದ ಅಂಕಿಗಿಂತ ಆರೋಗ್ಯವಂತರಲ್ಲಿ 2ರಿಂದ 5 ಕಡಿಮೆ. ಶ್ವಾಸಕೋಶ ಕೆಟ್ಟವರಲ್ಲಿ, ಬಿಪಿ ಕುಸಿದವರಲ್ಲಿ ಅಂತರ ತುಂಬಾ ಜಾಸ್ತಿ. ಅನುಮಾನ ಬಂದರೆ ಎಬಿಜಿ ಮಾಡಿಸಿ. ಎಬಿಜಿ ಮಿಷಿನ್ ಇಲ್ಲದ ಕಡೆ ಪೊಟ್ಯಾಸಿಯಂಗೆ ಅಭಿಧಮನಿಯ ರಕ್ತವೇ ಸಾಕು.

ಸುಳ್ಳು ಏರಿಕೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದರೆ ಕೆಂಪುಕಣ ಒಡೆದು ಪೊಟ್ಯಾಸಿಯಂ ಸೋರುತ್ತದೆ. ಹೆಚ್ಚಿನ ಎಬಿಜಿ ಮಿಷಿನ್‌ಗಳಿಗೆ ಇದು ಗೊತ್ತಾಗುವುದಿಲ್ಲ. ಅದೇ ರಕ್ತವನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ನೋಡಿದರೆ ಮೇಲಿನ ನೀರು ಕೆಂಪಗೆ ಕಾಣುತ್ತದೆ. ನೇರಳೆ ಮುಚ್ಚಳದ ಟ್ಯೂಬಿಗೆ ಹಾಕಿದ ರಕ್ತವನ್ನು ಬೇರೆ ಟ್ಯೂಬಿಗೆ ಸುರಿದರೆ ಅಂಕಿ ಎಲ್ಲೋ ಹೋಗುತ್ತದೆ, ಯಾಕೆಂದರೆ ಆ ಟ್ಯೂಬಿನಲ್ಲಿರುವುದೇ ಪೊಟ್ಯಾಸಿಯಂ ಉಪ್ಪು. ಕ್ಯಾಲ್ಸಿಯಂ ವಿಪರೀತ ಕಡಿಮೆ ಬಂದಿದ್ದರೆ ಇದೇ ಆಗಿದೆ ಅಂತ ಅನುಮಾನಿಸಿ. ಇನ್ನೊಂದು ಚಳಿ. ಕಕ್ಕಡದ ಮಳೆಯಲ್ಲಿ ಸ್ಯಾಂಪಲ್ ಹೊರಗಿನ ಲ್ಯಾಬಿಗೆ ಹೋಗಲು ಗಂಟೆಗಟ್ಟಲೆ ಕಾದರೆ, ತಣ್ಣಗಾದ ರಕ್ತದಲ್ಲಿ ಪಂಪ್ ನಿಂತು ಪೊಟ್ಯಾಸಿಯಂ ಸೋರುತ್ತದೆ. ಐಸ್‌ನಲ್ಲಿ ಇಟ್ಟರೂ ಅಷ್ಟೇ. ಬೇಗ ಕಳಿಸಿ.

ಆದರೆ ಇಸಿಜಿ ಬದಲಾಗಿದ್ದರೆ ಸ್ಯಾಂಪಲ್ ಮತ್ತೆ ಕಳಿಸುತ್ತ ಕೂರಬೇಡಿ, ನೇರ ಹಂತ 7ಕ್ಕೆ ಹೋಗಿ. ಇಸಿಜಿ ಸರಿ ಇದೆ ಅಂತ ನೆಮ್ಮದಿಯಾಗಿ ಇರುವುದೂ ತಪ್ಪು. ಪೊಟ್ಯಾಸಿಯಂ ತುಂಬಾ ಏರಿದ್ದರೂ ಇಸಿಜಿ ಸುಮ್ಮನೆ ಇರಬಹುದು.

ಹಂತ 6: ಎರಡೂ ಅಂಕಿಗಳನ್ನು ಒಟ್ಟಿಗೆ ಓದಿ

ಒಂದು ಉದಾಹರಣೆ ತಗೊಳ್ಳಿ. ಪಿತ್ತಕೋಶದ ಲ್ಯಾಪರೋಸ್ಕೋಪಿ, ಶುರುವಿನಲ್ಲಿ ಪೊಟ್ಯಾಸಿಯಂ 4.8. ಮಧ್ಯೆ ಪಿಎಚ್ 7.26, ಸಿಒಟು 58, ಬೈಕಾರ್ಬೊನೇಟ್ 25, ಪೊಟ್ಯಾಸಿಯಂ 5.1. ಸಿಒಟು 18 ಏರಿದೆ, ಪಿಎಚ್ ಇಳಿಯಬೇಕಾದಷ್ಟೇ ಇಳಿದಿದೆ, ಬೈಕಾರ್ಬೊನೇಟ್ ಸರಿ ಇದೆ. ಪೊಟ್ಯಾಸಿಯಂ 0.3 ಏರಿದೆ. ಲೆಕ್ಕ ಕೂಡಿಬಂತು. ವೆಂಟಿಲೇಶನ್ ಸರಿಮಾಡಿ, ಅರ್ಧ ಗಂಟೆಗೆ ಮತ್ತೆ ನೋಡಿ. ಇನ್ಸುಲಿನ್ ಗಿನ್ಸುಲಿನ್ ಏನೂ ಬೇಡ.

ಅದೇ ರೋಗಿ, ಅದೇ ಪಿಎಚ್, ಅದೇ ಸಿಒಟು, ಪೊಟ್ಯಾಸಿಯಂ ಮಾತ್ರ 6.3. ಲೆಕ್ಕ ಕೂಡಲಿಲ್ಲ. 0.3 ಸಿಒಟು ಪಾಲು, ಉಳಿದ 1.2 ಎಲ್ಲಿಂದ ಬಂತು? ಸ್ಯಾಂಪಲ್ ಸುಳ್ಳಾ? ಸ್ಕೋಲಿನ್ ಕೊಟ್ಟಿದ್ದೀರಾ? ಬ್ಲಡ್ ಬ್ಯಾಂಕಿನ ಹಳೆಯ ರಕ್ತ ಬೇಗ ಬೇಗ ಹಾಕಿದ್ದೀರಾ? ಮೂತ್ರ ಬರುತ್ತಿದೆಯಾ?

ಮೂರನೆಯದು. ಪಿಎಚ್ 7.10, ಸಿಒಟು 60, ಬೈಕಾರ್ಬೊನೇಟ್ 18. ಬರೀ ಸಿಒಟು ಆಗಿದ್ದರೆ ಪಿಎಚ್ 7.24 ಇರಬೇಕಿತ್ತು. ಉಸಿರಾಟದ್ದಲ್ಲದ ಆಮ್ಲವೂ ಸೇರಿದೆ. ಲಿವರ್, ಕರುಳು, ರಕ್ತಸ್ರಾವ, ಸೆಪ್ಸಿಸ್, ಎಲ್ಲ ಕಡೆ ಕಣ್ಣಾಡಿಸಿ.

ಸಿಒಟು, ಪೊಟ್ಯಾಸಿಯಂ ಎರಡೂ ಒಟ್ಟಿಗೆ ಏರಿದರೂ ಒಂದು ಇನ್ನೊಂದಕ್ಕೆ ಕಾರಣವಲ್ಲದ ಸಂದರ್ಭಗಳೂ ಇವೆ. ಕಾಲಿನ ಟೂರ್ನಿಕೆಟ್ (ರಕ್ತ ತಡೆಯುವ ಬಿಗಿ ಪಟ್ಟಿ) ಬಿಟ್ಟಾಗ ಎರಡೂ ಆ ಕಾಲಿನಿಂದಲೇ ಬರುತ್ತವೆ, ಕೆಲವು ನಿಮಿಷಕ್ಕೆ ಇಳಿಯುತ್ತವೆ. ನಿಜಕ್ಕೂ ಹೆದರಬೇಕಾದ್ದು ಮ್ಯಾಲಿಗ್ನಂಟ್ ಹೈಪರ್‌ಥರ್ಮಿಯಾ, ಅಂದರೆ ಅರಿವಳಿಕೆಯ ವೇಪರ್ ಅಥವಾ ಸ್ಕೋಲಿನ್‌ಗೆ ಕೆಲವರ ಮಾಂಸಖಂಡ ಕೆರಳುವುದು. ವೆಂಟಿಲೇಶನ್ ಎಷ್ಟು ಏರಿಸಿದರೂ ಸಿಒಟು ಏರುತ್ತಲೇ ಇದೆ, ನಾಡಿ ಓಡುತ್ತಿದೆ, ದವಡೆ ಅಥವಾ ಕೈಕಾಲು ಬಿಗಿಯಾಗಿದೆ. ಮೈ ಬಿಸಿಯಾಗುವುದು ಎಷ್ಟೋ ಸಲ ತಡವಾಗಿ. ಇಲ್ಲಿ ಮಾಂಸಖಂಡವೇ ಸಿಒಟು ಹುಟ್ಟಿಸುತ್ತದೆ, ಅದೇ ಪೊಟ್ಯಾಸಿಯಂ ಸುರಿಸುತ್ತದೆ. ವೇಪರ್ ತಕ್ಷಣ ಬಂದ್, ನೂರಕ್ಕೆ ನೂರು ಆಕ್ಸಿಜನ್, ಮೈ ತಂಪು ಮಾಡಿ, ಇದರ ಮದ್ದಾದ ಡ್ಯಾಂಟ್ರೋಲಿನ್ ಕಿಲೋಗೆ 2.5 ಮಿ.ಗ್ರಾಂ. ನಮ್ಮಂಥ ಊರುಗಳಲ್ಲಿ ಅದು ಕೈಗೆ ಸಿಗುವುದು ಕಷ್ಟ. ಹತ್ತಿರದಲ್ಲಿ ಯಾವ ಆಸ್ಪತ್ರೆಯಲ್ಲಿದೆ ಅಂತ ಇವತ್ತೇ ಫೋನ್ ಮಾಡಿ ಕೇಳಿ, ನಂಬರ್ ಒಟಿ ಗೋಡೆಗೆ ಅಂಟಿಸಿ.

ಹಂತ 7: ಇಳಿಸುವುದು

ಟಿ ಅಲೆ ಚೂಪಾಗಿದ್ದರೆ, ಕ್ಯುಆರ್‌ಎಸ್ (ಇಸಿಜಿಯ ಮುಖ್ಯ ಅಲೆ) ಅಗಲವಾಗಿದ್ದರೆ ಅಥವಾ ಪೊಟ್ಯಾಸಿಯಂ 6.5 ದಾಟಿದ್ದರೆ ಮೊದಲು ಕ್ಯಾಲ್ಸಿಯಂ. 10 ಶೇಕಡಾ ಕ್ಯಾಲ್ಸಿಯಂ ಗ್ಲುಕೋನೇಟ್ 10 ಮಿ.ಲೀ., ಎರಡರಿಂದ ಐದು ನಿಮಿಷದಲ್ಲಿ, ಇಸಿಜಿ ನೋಡುತ್ತ. ಸರಿಹೋಗದಿದ್ದರೆ ಮತ್ತೆ ಕೊಡಿ. ಇದು ಪೊಟ್ಯಾಸಿಯಂ ಅನ್ನು ಇಳಿಸುವುದಿಲ್ಲ, ಹೃದಯವನ್ನು ಕಾಯುತ್ತದೆ ಅಷ್ಟೇ, ಅದೂ ಅರ್ಧ ಗಂಟೆಯಿಂದ ಒಂದು ಗಂಟೆ.

ಆ ಹೊತ್ತಿನಲ್ಲಿ ಇನ್ಸುಲಿನ್ 10 ಯೂನಿಟ್, 25 ಗ್ರಾಂ ಗ್ಲೂಕೋಸ್ ಜತೆ. ಅಂದರೆ 50 ಶೇಕಡಾ ಡೆಕ್ಸ್‌ಟ್ರೋಸ್ 50 ಮಿ.ಲೀ. ಕೆಲಸ ಶುರುವಾಗಲು 15ರಿಂದ 30 ನಿಮಿಷ, ಇರುವುದು 4ರಿಂದ 6 ಗಂಟೆ. ಅರಿವಳಿಕೆಯಲ್ಲಿರುವವರು ಶುಗರ್ ಇಳಿದರೆ ಹೇಳಲಾರರು, ಹಾಗಾಗಿ ಮುಂದಿನ ಆರು ಗಂಟೆ, ಗಂಟೆಗೊಮ್ಮೆಯಾದರೂ ಶುಗರ್ ಚೆಕ್ ಮಾಡಿ. ಸಾಲ್ಬುಟಮಾಲ್ 10 ಮಿ.ಗ್ರಾಂ. ಸರ್ಕ್ಯೂಟ್‌ಗೆ ನೆಬುಲೈಜರ್ ಸಿಕ್ಕಿಸಿ ಕೊಡಬಹುದು. 2.5 ಮಿ.ಗ್ರಾಂ.ನ ರೆಸ್ಪ್ಯೂಲ್ (ಒಂದು ಡೋಸಿನ ಸಣ್ಣ ಪ್ಲಾಸ್ಟಿಕ್ ಟ್ಯೂಬ್) ಆದರೆ ನಾಲ್ಕು.

ಸೋಡಾಬೈಕಾರ್ಬ್ ಬಗ್ಗೆ ಕೈ ಬಿಗಿ ಹಿಡಿಯಿರಿ. ಅದು ಆಮ್ಲದ ಜತೆ ಸೇರಿ ಸಿಒಟು ಆಗುತ್ತದೆ. ಮೊದಲೇ ಸಿಒಟು 60 ಇರುವವರಿಗೆ, ಹೊರಹಾಕುವ ದಾರಿ ಸರಿಮಾಡದೆ ಕೊಟ್ಟರೆ ಬೆಂಕಿಗೆ ತುಪ್ಪ ಸುರಿದ ಹಾಗೆ. ಬೈಕಾರ್ಬೊನೇಟ್ ಕಡಿಮೆ ಇದ್ದು ವೆಂಟಿಲೇಶನ್ ಚೆನ್ನಾಗಿದ್ದರೆ ಮಾತ್ರ ಯೋಚಿಸಿ. ಕ್ಯಾಲ್ಸಿಯಂ ಹೋದ ಲೈನ್‌ನಲ್ಲೇ ಹಾಕಬೇಡಿ, ಸುಣ್ಣದ ಹಾಗೆ ಹೆಪ್ಪುಗಟ್ಟುತ್ತದೆ.

ಡ್ರಿಪ್ ಬಗ್ಗೆ ಒಂದು ಹಳೆಯ ಹೆದರಿಕೆ ಇದೆ. ಆರ್‌ಎಲ್‌ನಲ್ಲಿ (ರಿಂಗರ್ ಲ್ಯಾಕ್ಟೇಟ್) ಪೊಟ್ಯಾಸಿಯಂ ಇದೆ, ಕಿಡ್ನಿ ರೋಗಿಗೆ ಬೇಡ ಅಂತ. ಅದರಲ್ಲಿರುವುದು ಲೀಟರಿಗೆ 4, ರೋಗಿಯ ರಕ್ತದಲ್ಲಿ 6. ನಾಲ್ಕರದ್ದನ್ನು ಆರಕ್ಕೆ ಸೇರಿಸಿದರೆ ಏರುವುದು ಹೇಗೆ? ನಾರ್ಮಲ್ ಸಲೈನ್ ಲೀಟರ್‌ಗಟ್ಟಲೆ ಹಾಕಿದರೆ ಕ್ಲೋರೈಡ್ ಹೆಚ್ಚಿ ಆಮ್ಲ ಹೆಚ್ಚುತ್ತದೆ, ಪೊಟ್ಯಾಸಿಯಂ ಏರುವುದು ಅದರಿಂದಲೇ. ಖನಿಜ ಆಮ್ಲದ ಸೂತ್ರ ನೆನಪಿದೆಯಲ್ಲ, ಅದು ಕೆಲಸಕ್ಕೆ ಬರುವುದು ಇಲ್ಲಿ.

ಹಂತ 8: ರಿಕವರಿ, ಮತ್ತು ಘಾಟಿ ರಸ್ತೆ

ಟ್ಯೂಬ್ ತೆಗೆದ ಮೇಲೆ ಎಲ್ಲರಿಗೂ ನಿರಾಳ. ಸಿಒಟು ಸದ್ದಿಲ್ಲದೆ ಏರುವುದು ಆಗಲೇ. ಮುಖಕ್ಕೆ ಆಕ್ಸಿಜನ್ ಮಾಸ್ಕ್, ಬೆರಳಲ್ಲಿ ಪ್ರೋಬ್, ಸ್ಕ್ರೀನ್‌ನಲ್ಲಿ ರಕ್ತದ ಆಕ್ಸಿಜನ್ ಶೇಕಡಾ 99. ಎಲ್ಲ ಚೆನ್ನಾಗಿದೆ ಅನಿಸುತ್ತದೆ. ಆಕ್ಸಿಜನ್ ಹೋಗುತ್ತಿದ್ದರೆ ಉಸಿರು ಅರ್ಧಕ್ಕೆ ಇಳಿದರೂ ಆ ಅಂಕಿ 99 ಅಂತಲೇ ತೋರಿಸುತ್ತಿರುತ್ತದೆ. ಎದೆಯ ಮೇಲೆ ಕೈ ಇಟ್ಟು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಹತ್ತಕ್ಕಿಂತ ಕಡಿಮೆ ಇದ್ದರೆ, ಕೂಗಿದರೂ ಕಣ್ಣು ಬಿಡದಿದ್ದರೆ ಸಿಒಟು ಏರುತ್ತಿದೆ ಅಂತಲೇ ಇಟ್ಟುಕೊಳ್ಳಿ.

ಡಯಾಲಿಸಿಸ್‌ಗೆ ಬೇರೆ ಕಡೆ ಕಳಿಸಬೇಕಾದರೆ ಮೊದಲು ಗಡಿಯಾರ ನೋಡಿ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ., ಮಂಗಳೂರಿಗೆ ಸಂಪಾಜೆ ಘಾಟಿ ಇಳಿಯಬೇಕು. ಮಳೆಗಾಲದಲ್ಲಿ ರಸ್ತೆ ಯಾವಾಗ ಬಂದ್ ಆಗುತ್ತದೋ ಹೇಳಲಾಗದು. ಕ್ಯಾಲ್ಸಿಯಂನ ಆಯಸ್ಸು ಹೆಚ್ಚೆಂದರೆ ಒಂದು ಗಂಟೆ, ಇನ್ಸುಲಿನ್‌ನದ್ದು ನಾಲ್ಕರಿಂದ ಆರು. ಒಳಗೆ ತಳ್ಳಿದ ಪೊಟ್ಯಾಸಿಯಂ ಆಮೇಲೆ ವಾಪಸ್ ಬರುತ್ತದೆ. ಅದಕ್ಕೇ ಆಂಬುಲೆನ್ಸ್‌ನಲ್ಲಿ ಇಸಿಜಿ ಮಾನಿಟರ್, ಎರಡು ಡೋಸ್ ಕ್ಯಾಲ್ಸಿಯಂ, ಗ್ಲೂಕೋಮೀಟರ್, ಡೆಕ್ಸ್‌ಟ್ರೋಸ್, ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್, ಮತ್ತೆ ಅದನ್ನು ಒತ್ತಲು ಬರುವ ಒಬ್ಬರು ಇರಲೇಬೇಕು. ಅರೆ ನಿದ್ದೆಯಲ್ಲಿರುವವರನ್ನು ಅಂಗಾತ ಮಲಗಿಸಿ ತಿರುವುಗಳಲ್ಲಿ ಕರೆದೊಯ್ಯಬೇಡಿ, ತಲೆಯ ಕಡೆ ಎತ್ತರ ಮಾಡಿ.

ಹೊರಡುವ ಮುಂಚೆ ಒಂದು ಚೀಟಿ ಬರೆಯಿರಿ. ಶುರುವಿನ ಪೊಟ್ಯಾಸಿಯಂ, ಅತಿ ಹೆಚ್ಚು ಎಷ್ಟಾಯಿತು, ಆಗ ಸಿಒಟು ಎಷ್ಟಿತ್ತು, ಏನು ಎಷ್ಟು ಗಂಟೆಗೆ ಕೊಟ್ಟಿರಿ. ಸ್ಕೋಲಿನ್‌ನಿಂದ ಆಗಿದ್ದರೆ ಕೇಸ್ ಶೀಟ್‌ನಲ್ಲಿ ಕೆಂಪು ಇಂಕಿನಲ್ಲಿ ಬರೆಯಿರಿ, ಮನೆಯವರ ಕೈಗೂ ಒಂದು ಪ್ರತಿ ಕೊಡಿ. ಮರದಿಂದ ಬಿದ್ದ ಆ ಅಣ್ಣನ ಹೆಂಡತಿ ಆ ಚೀಟಿಯನ್ನು ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರ್‌ನೊಳಗೆ ಇಟ್ಟುಕೊಂಡಿದ್ದರು. ಎರಡು ವರ್ಷದ ಮೇಲೆ ಇನ್ನೊಂದು ಆಪರೇಷನ್‌ಗೆ ಬಂದಾಗ, ನಾನು ಕೇಳುವ ಮೊದಲೇ ಅದನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು.